ಆಯಿಯ ಜಪಮಾಲೆ: ನಮ್ಮ ಮನೆಗಳ ಬರೆಯದ ಚರಿತ್ರೆ



ಜುಲೈ 26ರಂದು ಧರ್ಮಸಭೆಯು ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬವನ್ನು ಆಚರಿಸುತ್ತದೆ. ಇವರು ಮಾತೆ ಮರಿಯಮ್ಮನವರ ತಂದೆತಾಯಿ, ಪ್ರಭು ಯೇಸುಕ್ರಿಸ್ತರ ಅಜ್ಜ ಅಜ್ಜಿ. ಆದರೆ ಪವಿತ್ರ ಬೈಬಲನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ ಈ ಇಬ್ಬರ ಹೆಸರು ನಮಗೆ ಸಿಗುವುದಿಲ್ಲ. ಎರಡನೆಯ ಶತಮಾನದಲ್ಲಿ ರಚಿತವಾದ, ಬೈಬಲಿಗೆ ಸೇರದ ಒಂದು ಹಳೆಯ ಗ್ರಂಥದಲ್ಲಿ ಆ ಹೆಸರುಗಳಿವೆ. ಶುಭಸಂದೇಶಕಾರರು ಬರೆಯದೆ ಬಿಟ್ಟಿದ್ದನ್ನು ಭಕ್ತಜನರು ನೆನಪಿನಲ್ಲಿ ಇಟ್ಟುಕೊಂಡು ಉಳಿಸಿದರು. ಪ್ರಭುವಿನ ಅಜ್ಜಿಯ ವಿಷಯವೇ ಹೀಗಾದರೆ, ನಮ್ಮ ನಿಮ್ಮ ಮನೆಯ ಅಜ್ಜಿಯರ ಚರಿತ್ರೆಯನ್ನು ಯಾರು ಬರೆದಿಟ್ಟಾರು?

ಈ ಹಬ್ಬದ ಸಂದರ್ಭದಲ್ಲಿ ನನ್ನ ಆಯಿಯ ದೀರ್ಘ ಬದುಕನ್ನು ನೆನೆಯಬೇಕೆನಿಸಿದೆ. ನಮ್ಮ ಬೆಳಗಾವಿ ಸೀಮೆಯಲ್ಲಿ ಅಜ್ಜಿಯನ್ನು ಆಯಿ ಎಂದು ಕರೆಯುತ್ತೇವೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರಿನ ಜಾಗದಲ್ಲಿ ನೀವು ನಿಮ್ಮ ಆಯಿಯ ಹೆಸರನ್ನು ಇಟ್ಟುಕೊಂಡು ಓದಿರಿ. ಅವರು ಹುಟ್ಟಿದ್ದು ಹುಕ್ಕೇರಿ ತಾಲ್ಲೂಕಿನಲ್ಲಿ, ಬಾಳಿದ್ದು ಗೋಕಾಕದಲ್ಲಿ, ಕಣ್ಣು ಮುಚ್ಚಿದ್ದು ಮೂಡಲಗಿಯಲ್ಲಿ. ಘಟಪ್ರಭೆ ನದಿ ಹರಿಯುವ ದಿಕ್ಕಿನಲ್ಲೇ ಅವರ ಬದುಕೂ ಸಾಗಿತು. ತೊಂಬತ್ತು ವರ್ಷಕ್ಕೂ ಹೆಚ್ಚು ಬಾಳಿದ ಅವರು ಈ ಮೂರು ತಾಲ್ಲೂಕುಗಳ ಆಚೆಗೆ ಹೋದದ್ದು ಬಹಳ ಕಡಿಮೆ.

ದಾಖಲೆ ಪುಸ್ತಕದ ನಾಲ್ಕು ಸಾಲು

ಆಯಿ ತೀರಿಕೊಂಡ ಮೇಲೆ ಸಮಾಧಿಯ ಕಲ್ಲಿನ ಮೇಲೆ ಬರೆಸಲು ಅವರ ಹುಟ್ಟಿದ ದಿನ ಬೇಕಾಯಿತು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಜ್ವಾಳ ಬಿತ್ತೂ ಹೊತ್ತಿನಾಗ ಹುಟ್ಟೀನಿ ಅಂತ ನಮ್ಮವ್ವ ಹೇಳತಿದ್ಲು" ಎಂದು ಅವರೇ ಒಮ್ಮೆ ಹೇಳಿದ್ದರು, ಅಷ್ಟೆ. ಕೊನೆಗೆ ಧರ್ಮಕೇಂದ್ರದ ಹಳೆಯ ದಾಖಲೆ ಪುಸ್ತಕಗಳನ್ನು ಹುಡುಕಿದೆವು.

ಧರ್ಮಕೇಂದ್ರಗಳಲ್ಲಿ ವಿವಾಹ ಹಾಗೂ ದೀಕ್ಷಾಸ್ನಾನಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು 1563ರಲ್ಲಿ ತ್ರೆಂತ್ ಮಹಾಸಭೆಯು ವಿಧಿಸಿತು. ರಾಜರು, ಜಮೀನುದಾರರು ಮಾತ್ರ ಕಾಗದದ ಮೇಲೆ ಉಳಿಯುತ್ತಿದ್ದ ಕಾಲದಲ್ಲಿ ಬಡವನ ಮಗಳ ಹೆಸರೂ ಮಸಿಯಲ್ಲಿ ಮೂಡಲು ಈ ಕಟ್ಟಳೆ ಕಾರಣವಾಯಿತು. ಅದರ ಪುಣ್ಯದಿಂದ ನಮ್ಮ ಆಯಿಯೂ ಸಿಕ್ಕರು. ಅವರ ದೀಕ್ಷಾಸ್ನಾನ, ಅವರ ಮದುವೆ, ತಾಯಿಯಾಗಿ ಮಕ್ಕಳ ದೀಕ್ಷಾಸ್ನಾನ, ಕೊನೆಗೆ ಅವರ ಮರಣ: ಹೀಗೆ ನಾಲ್ಕು ಕಡೆ ಅವರ ಹೆಸರಿತ್ತು. ಮದುವೆಯ ಪುಟದಲ್ಲಿ ಅಜ್ಜನ ಹೆಸರಿನ ಎದುರು ಮಿಲ್ಲಿನ ಕೆಲಸಗಾರ ಎಂದಿತ್ತು. ಆಯಿಯ ಹೆಸರಿನ ಎದುರು ಏನೂ ಇರಲಿಲ್ಲ. ತೊಂಬತ್ತು ವರ್ಷದ ದುಡಿಮೆಗೆ ಆ ಖಾಲಿ ಜಾಗವೇ ಸಾಕ್ಷಿ. ಅಂದಿನಿಂದ ಅದು ನನ್ನನ್ನು ಕಾಡುತ್ತಲೇ ಇದೆ.

ಗೋಕಾಕ ಫಾಲ್ಸಿನ ಸಂಸಾರ

ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆ ಸುಮಾರು 52 ಮೀಟರು ಎತ್ತರದಿಂದ ಧುಮ್ಮಿಕ್ಕುತ್ತದೆ. ಆ ನೀರಿನ ಬಲವನ್ನೇ ನಂಬಿ 1880ರ ದಶಕದಲ್ಲಿ ಅಲ್ಲಿ ನೂಲಿನ ಗಿರಣಿ ಆರಂಭವಾಯಿತು. ಸುತ್ತಲಿನ ಹಳ್ಳಿಗಳಿಂದ, ದೂರದ ಊರುಗಳಿಂದ ಜನ ಕೆಲಸ ಹುಡುಕಿಕೊಂಡು ಬಂದರು. ಸ್ವಾತಂತ್ರ್ಯ ಬಂದ ಮರುವರ್ಷ ಮದುವೆಯಾದ ಆಯಿಯೂ ಒಂದು ಟ್ರಂಕು, ಒಂದು ಜಪಮಾಲೆ ಹಿಡಿದು ಅಲ್ಲಿಗೆ ಬಂದಿಳಿದರು.

ಗಂಡನಿಗೆ ಮಿಲ್ಲಿನಲ್ಲಿ ಪಾಳಿ ಇತ್ತು. ಒಂದು ಪಾಳಿ ಮುಗಿದರೆ ಮನೆಗೆ ಬಂದು ಕೈಕಾಲು ಚಾಚಬಹುದಿತ್ತು. ಆಯಿಗೆ ಪಾಳಿ ಎಂಬುದಿರಲಿಲ್ಲ. ನಸುಕಿನಲ್ಲಿ ಬೀಸುಕಲ್ಲು, ಆಮೇಲೆ ನೀರು, ರೊಟ್ಟಿ, ಬುತ್ತಿ, ಮಕ್ಕಳು, ಬಟ್ಟೆ, ಮತ್ತೆ ರೊಟ್ಟಿ. ಮಿಲ್ಲಿನ ಸೈರನ್ನೇ ಅವರ ಗಡಿಯಾರ. ಬೆಳಗಿನ ಸೈರನ್ನಿಗೆ ಮೊದಲು ಎದ್ದು ಬೀಸಲು ಕೂತರೆ ಬೀಸಿ ಮುಗಿಯುವಷ್ಟರಲ್ಲಿ ಒಂದು ಜಪಮಾಲೆಯೂ ಮುಗಿಯುತ್ತಿತ್ತು. ನೆರೆಯ ಹೆಂಗಸರು ಬೀಸುವ ಪದ ಹಾಡಿದರೆ ಆಯಿ 'ನಮೋ ಮರಿಯೆ' ಹೇಳುತ್ತಿದ್ದರು. ಒಂದು ಕೈ ಕಲ್ಲಿನ ಗೂಟದ ಮೇಲೆ, ಎಣಿಕೆಯೆಲ್ಲ ಮನಸ್ಸಿನಲ್ಲಿ. ಒಮ್ಮೆಯೂ ಲೆಕ್ಕ ತಪ್ಪಲಿಲ್ಲವೇ ಎಂದು ಕೇಳಿದರೆ, "ತಪ್ಪಿದ್ರ ಏನಾತು, ಒಂದ್ ಹೆಚ್ಚಾಗ್ತಿತ್ತು ಅಷ್ಟ" ಎಂದು ನಗುತ್ತಿದ್ದರು.

ಬೆಳಗಾವಿ ಧರ್ಮಕ್ಷೇತ್ರವು 1953ರ ಸೆಪ್ಟೆಂಬರ್ 19ರಂದು ಸ್ಥಾಪನೆಯಾಯಿತು. ಮೈಕೆಲ್ ರೊಡ್ರಿಗಸ್‌ರವರು ಅದರ ಮೊದಲ ಧರ್ಮಾಧ್ಯಕ್ಷರು. ಆಗ ಆಯಿಗೆ ಇಪ್ಪತ್ತು ದಾಟಿತ್ತು, ಕಂಕುಳಲ್ಲಿ ಮಗುವಿತ್ತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆಯು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಚರಿತ್ರೆಯ ಪುಸ್ತಕಗಳಲ್ಲಿ ಇವು ದೊಡ್ಡ ದಿನಗಳು. ಆಯಿಯನ್ನು ಕೇಳಿದರೆ ಅವರಿಗೆ ನೆನಪಿದ್ದದ್ದು ಬೇರೆ: ಯಾವ ಮಗುವಿಗೆ ಯಾವ ವರ್ಷ ಗೊಬ್ಬರ ಎದ್ದಿತ್ತು, ಯಾವ ಬರದಲ್ಲಿ ಜೋಳದ ನುಚ್ಚಿನಿಂದಲೇ ಕ್ರಿಸ್ತ ಜಯಂತಿಯ ಊಟ ಆಯಿತು, ಯಾವ ಗುರುಗಳು ಮಳೆಯಲ್ಲಿ ತೊಯ್ದು ಬಂದು ನಮ್ಮ ಮನೆಯ ಒಲೆಯ ಮುಂದೆ ಮೈ ಕಾಯಿಸಿಕೊಂಡರು.

ಲ್ಯಾಟಿನ್ ಪೂಜೆಯಿಂದ ಕನ್ನಡ ಪೂಜೆಗೆ

ಇಂದಿನ ಮಕ್ಕಳಿಗೆ ನಂಬಲು ಕಷ್ಟವಾಗಬಹುದು. ಆಯಿ ಬಾಲ್ಯದಿಂದ ಮೂವತ್ತು ದಾಟುವವರೆಗೆ ಭಾಗವಹಿಸಿದ ಬಲಿಪೂಜೆಯೆಲ್ಲ ಲ್ಯಾಟಿನ್ ಭಾಷೆಯಲ್ಲಿತ್ತು. ಪರಮಪ್ರಸಾದ ಸ್ವೀಕರಿಸುವವರು ಮಧ್ಯರಾತ್ರಿಯಿಂದ ಹನಿ ನೀರನ್ನೂ ಕುಡಿಯುವಂತಿರಲಿಲ್ಲ. ಹಬ್ಬದ ದಿನ ಮನೆಮಂದಿಗೆಲ್ಲ ಅಡುಗೆಯ ಸಿದ್ಧತೆ ಮಾಡಿ, ನೀರು ಹೊತ್ತು, ಮಕ್ಕಳನ್ನು ಸಿಂಗರಿಸಿ, ಒಣಗಿದ ಬಾಯಲ್ಲೇ ನಡೆದು ಪೂಜೆಗೆ ಹೋಗುತ್ತಿದ್ದ ತಾಯಂದಿರ ಉಪವಾಸವನ್ನು ಒಮ್ಮೆ ಯೋಚಿಸಿರಿ. 1953ರಲ್ಲಿ ಪೋಪ್ ಹನ್ನೆರಡನೆಯ ಪಯಸ್‌ರವರು ನೀರು ಕುಡಿಯಲು ಅನುಮತಿಯಿತ್ತರು. 1957ರಲ್ಲಿ ಉಪವಾಸದ ಅವಧಿಯನ್ನು ಮೂರು ಗಂಟೆಗೆ ಇಳಿಸಿದರು. 1964ರಲ್ಲಿ ಪೋಪ್ ಆರನೆಯ ಪೌಲರು ಅದನ್ನು ಒಂದು ಗಂಟೆ ಮಾಡಿದರು. ಹೊಸ ನಿಯಮ ಬಂದ ಮೇಲೂ ಆಯಿ ಬಹಳ ವರ್ಷ ಹಳೆಯ ಉಪವಾಸವನ್ನೇ ಪಾಲಿಸಿದರು. ಗುರುಗಳು ತಿಳಿಹೇಳಿದಾಗ, "ನೀವು ಬಿಟ್ಟಿರಿ ಸ್ವಾಮಿ, ನನ್ನ ಹೊಟ್ಟಿ ಇನ್ನೂ ಬಿಟ್ಟಿಲ್ಲ" ಎಂದಿದ್ದರಂತೆ.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ದೈವಾರಾಧನೆಯ ಕುರಿತು ಹೊರಡಿಸಿದ ದಾಖಲೆಯು ಜನರ ಭಾಷೆಗೆ ಬಾಗಿಲು ತೆರೆಯಿತು. ಆ ಬಳಿಕ ನಮ್ಮ ಪೀಠಗಳಲ್ಲೂ ಕನ್ನಡ ಕೇಳಿಸತೊಡಗಿತು. ಗುರುಗಳು ಜನರ ಕಡೆಗೆ ಮುಖ ಮಾಡಿ ನಿಂತರು. ಆ ಮೊದಲ ದಿನಗಳ ಬಗ್ಗೆ ನಾನು ಆಯಿಯನ್ನು ಕೇಳಿದ್ದೆ. ಅವರ ಬದುಕಿನ ಬಗ್ಗೆ ನಾನಾಗಿಯೇ ಕೇಳಿದ ಕೆಲವೇ ಪ್ರಶ್ನೆಗಳಲ್ಲಿ ಇದೊಂದು. ಅವರು ಹೇಳಿದ್ದು ಇಷ್ಟು: "ಮದ್ಲ ಸ್ವಾಮ್ಯಾರು ಏನಂತಾರ ಅಂತ ನನಗ ತಿಳೀತಿರಲಿಲ್ಲ. ದೇವರಿಗೆ ತಿಳೀತೈತಿ ಅಂತ ಸುಮ್ನ ಜಪಮಾಲಿ ಎಣಸತಿದ್ದೆ. ಕನ್ನಡದಾಗ ಕೇಳಿದ ದಿನ ಅಳು ಬಂತು. ಇಷ್ಟ್ ಚೊಲೊ ಮಾತು ಇಷ್ಟ್ ದಿನಾ ನನ್ನ ಮುಂದನ ಆಡತಿದ್ರಲ್ಲಾ ಅಂತ."

ಪ್ರಿಯರೇ, ಮಹಾಸಭೆಯ ಬಗ್ಗೆ ನಾನು ಅನೇಕ ಉಪನ್ಯಾಸಗಳನ್ನು ಕೇಳಿದ್ದೇನೆ. ಈ ನಾಲ್ಕು ಮಾತಿನಷ್ಟು ಅರ್ಥ ಯಾವುದರಲ್ಲೂ ಸಿಕ್ಕಿಲ್ಲ.

ಗೃಹ ಧರ್ಮಸಭೆಯ ಪೀಠ

ಅದೇ ಮಹಾಸಭೆ 1964ರ ನವೆಂಬರಿನಲ್ಲಿ ಕುಟುಂಬವನ್ನು ಗೃಹ ಧರ್ಮಸಭೆ ಎಂದು ಕರೆಯಿತು. ಮಕ್ಕಳಿಗೆ ವಿಶ್ವಾಸವನ್ನು ಮೊಟ್ಟಮೊದಲು ಸಾರುವವರು ತಂದೆತಾಯಿ ಎಂದು ಬೋಧಿಸಿತು. ಈ ಬೋಧನೆ ನಮ್ಮೂರು ತಲುಪುವ ಮೊದಲೇ ನಮ್ಮ ಅಡುಗೆಮನೆಗಳಲ್ಲಿ ಅದು ನಡೆದಿತ್ತು. ಗುರುಗಳು ಯಾವಾಗಲೋ ಒಮ್ಮೆ ಬರುತ್ತಿದ್ದ ಊರುಗಳಲ್ಲಿ ಶಿಲುಬೆಯ ಗುರುತು ಹಾಕಲು ಕಲಿಸಿದವರು, ವಿಭೂತಿ ಬುಧವಾರ ಯಾವಾಗ ಎಂದು ಲೆಕ್ಕ ಇಟ್ಟವರು, ಶುಕ್ರವಾರ ಮಾಂಸ ಬೇಯದಂತೆ ನೋಡಿಕೊಂಡವರು ಯಾರು? ಆಯಂದಿರೇ.

ಒಂದು ಘಟನೆಯನ್ನು ಹೇಳಲೇಬೇಕು. ಒಂದು ಮಳೆಗಾಲದ ರಾತ್ರಿ ನೆರೆಮನೆಯ ಕ್ರೈಸ್ತ ಕುಟುಂಬದಲ್ಲಿ ತಿಂಗಳು ತುಂಬುವ ಮೊದಲೇ ಹೆಣ್ಣುಕೂಸು ಹುಟ್ಟಿತು. ಉಸಿರು ಕ್ಷೀಣವಾಗಿತ್ತು. ಗುರುಗಳನ್ನು ಕರೆತರಲು ದಾರಿಯಿರಲಿಲ್ಲ. ಮರಣದ ಅಪಾಯವಿದ್ದಾಗ ಧರ್ಮಸಭೆಯ ಉದ್ದೇಶದಂತೆ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದೆಂಬ ನಿಯಮ ಆಯಿಗೆ ತಿಳಿದಿತ್ತು. ಅವರಿಗೆ ಅದನ್ನು ಕಲಿಸಿದವರು ಅವರ ಆಯಿ. ಒಲೆಯ ಮೇಲೆ ನೀರನ್ನು ಉಗುರು ಬೆಚ್ಚಗೆ ಮಾಡಿ, ಮೂರು ಸಲ ತಲೆಯ ಮೇಲೆ ಹನಿಸಿ, ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ದೀಕ್ಷೆ ಕೊಟ್ಟರು. ಬಳಿಕ ಕೂಸನ್ನು ತಮ್ಮ ಇಳಕಲ್ ಸೀರೆಯಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಬೆಳಗಿನ ತನಕ ಒಲೆಯ ಮುಂದೆ ಕುಳಿತರು. ದೇವರ ದಯೆಯಿಂದ ಕೂಸು ಬದುಕಿತು. ಆಯಿಯ ಅಂತ್ಯಕ್ರಿಯೆಯಲ್ಲಿ ಎಲ್ಲರಿಗಿಂತ ಹೆಚ್ಚು ಅತ್ತವರು ಮೊಮ್ಮಕ್ಕಳನ್ನು ಕಂಡಿದ್ದ ಆ ಹೆಂಗಸು.

2002ರ ಅಕ್ಟೋಬರಿನಲ್ಲಿ ಪೋಪ್ ಎರಡನೆಯ ಜಾನ್ ಪೌಲರು ಜಪಮಾಲೆಗೆ ಬೆಳಕಿನ ರಹಸ್ಯಗಳನ್ನು ಸೇರಿಸಿದರು. ಆಗ ಆಯಿಗೆ ಎಪ್ಪತ್ತು ದಾಟಿತ್ತು, ಅಕ್ಷರ ಬಾರದು. 1951ರ ಜನಗಣತಿಯಲ್ಲಿ ನಮ್ಮ ದೇಶದ 100 ಹೆಂಗಸರಲ್ಲಿ ಓದುಬರಹ ಬಲ್ಲವರು ಸುಮಾರು 9 ಮಂದಿ ಮಾತ್ರ. ಉಳಿದ 91ರಲ್ಲಿ ನಮ್ಮ ಆಯಿ ಒಬ್ಬರು. ಐದನೆಯ ತರಗತಿಯ ಮೊಮ್ಮಗಳನ್ನು ಕೂರಿಸಿಕೊಂಡು ಐದು ಹೊಸ ರಹಸ್ಯಗಳನ್ನು ಓದಿಸಿ, ಒಂದೇ ವಾರದಲ್ಲಿ ಬಾಯಿಪಾಠ ಮಾಡಿದರು. ಕಲಿಸಿದವರೇ ಕಲಿಯುವವರಾದರು. ಆ ಮೊಮ್ಮಗಳು ಇಂದು ತನ್ನ ಮಕ್ಕಳಿಗೆ ಜಪಮಾಲೆ ಹೇಳಿಸುತ್ತಾಳೆ.

ನೀರು ಕೊಟ್ಟದ್ದು, ನೀರು ಕೊಂಡೊಯ್ದದ್ದು

ಆಯಿಯ ಕಣ್ಣೆದುರೇ ಸೀಮೆ ಬದಲಾಯಿತು. 1969ರಲ್ಲಿ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು, ತವರಿನ ಕಡೆಯ ಹಳ್ಳಿಗಳಲ್ಲಿ ವಿದ್ಯುದ್ದೀಪ ಹತ್ತಿತು. 1977ರಲ್ಲಿ ಹಿಡಕಲ್ ಜಲಾಶಯ ಪೂರ್ಣಗೊಂಡಿತು. ಹಲವು ಊರುಗಳ ಮನೆ, ಹೊಲ ನೀರಿನಡಿ ಸೇರಿದವು. ಇಂದಿಗೂ ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ವಿಠ್ಠಲ ದೇವಸ್ಥಾನ ಮೇಲೆ ಕಾಣಿಸುತ್ತದೆ. ಇತ್ತ ಕಾಲುವೆಯ ನೀರು ಕಂಡ ಮೂಡಲಗಿಯ ಕಡೆ ಕಬ್ಬು ಬೆಳೆಯಿತು. ಆಯಿಯ ಮಗಳು ಅಲ್ಲಿಗೇ ಸೊಸೆಯಾಗಿ ಹೋದಳು. ಗೋಕಾಕ ತಾಲ್ಲೂಕಿಗೆ ಸೇರಿದ್ದ ಮೂಡಲಗಿ 2018ರಲ್ಲಿ ಪ್ರತ್ಯೇಕ ತಾಲ್ಲೂಕಾದಾಗ, ಮಗಳ ಮನೆಯಲ್ಲಿದ್ದ ಆಯಿ ಕುಳಿತಲ್ಲೇ ಹೊಸ ತಾಲ್ಲೂಕಿನವರಾದರು.

2019ರ ಆಗಸ್ಟಿನಲ್ಲಿ ಮಹಾಪೂರ ಬಂತು. ಘಟಪ್ರಭೆ ಗೋಕಾಕ ಪಟ್ಟಣಕ್ಕೇ ನುಗ್ಗಿತು. ಕಾಕಾನ ಮನೆಯಲ್ಲಿ ಎದೆಮಟ್ಟ ನೀರು. ಆಯಿಯ ಹಳೆಯ ಟ್ರಂಕು ಅಲ್ಲಿತ್ತು. ಅದರಲ್ಲಿದ್ದ ಅವರ ಮದುವೆಯ ಒಂದೇ ಒಂದು ಫೋಟೋ, ಅಜ್ಜ ಓದುತ್ತಿದ್ದ ಪ್ರಾರ್ಥನೆಯ ಪುಸ್ತಕ, ಮಕ್ಕಳ ಪ್ರಥಮ ಪರಮಪ್ರಸಾದದ ಚಿತ್ರಗಳು, ಎಲ್ಲವೂ ಕೆಸರಿನ ಮುದ್ದೆಯಾದವು. ಸುದ್ದಿ ಹೇಳಲು ನಾವು ಅಂಜುತ್ತಾ ಹೋದೆವು. ಆಯಿ ಕುತ್ತಿಗೆಯ ಜಪಮಾಲೆ ಮುಟ್ಟಿಕೊಂಡು, "ಮಂದಿ ಪಾರಾದ್ರಲ್ಲಾ, ಸಾಕು. ಪುಸ್ತಕದಾಗ ಇದ್ದದ್ದು ನನ್ನ ಬಾಯಾಗ ಐತಿ" ಎಂದರು.

ಅದು ನಿಜ. ಎಲ್ಲವೂ ಅವರ ಬಾಯಲ್ಲಿತ್ತು. ಆಗಲೇ ಒಂದು ನೋಟ್‌ಬುಕ್ಕು ಹಿಡಿದು ನಾನು ಅವರ ಮುಂದೆ ಕೂರಬೇಕಿತ್ತು. ಶಾಲೆಯಲ್ಲಿ ಇಪ್ಪತ್ತು ವರ್ಷ ಇತಿಹಾಸ ಕಲಿಸಿದವನು ನಾನು. ಅಶೋಕನ ಶಾಸನ ಯಾವ ಊರಿನಲ್ಲಿದೆ ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸಿದವನಿಗೆ ನನ್ನ ಆಯಿಯ ಆಯಿಯ ಹೆಸರು ಗೊತ್ತಿಲ್ಲ. ರಜೆ ಬಂದಾಗ ಬರೆದುಕೊಂಡರಾಯಿತು ಎಂದುಕೊಂಡೆ. 2020ರ ಮಾರ್ಚಿನಲ್ಲಿ ಕೊರೊನಾ ಬಂತು, ದೇವಾಲಯಗಳ ಬಾಗಿಲು ಮುಚ್ಚಿದವು. ನಾವೆಲ್ಲ ಮೊಬೈಲಿನಲ್ಲಿ ಪೂಜೆ ನೋಡಲು ಕಲಿತೆವು. ಆಯಿಗೆ ಮಾತ್ರ ಅದು ಹೊಸದೆನಿಸಲಿಲ್ಲ. ಗುರುಗಳಿಲ್ಲದ ಭಾನುವಾರಗಳನ್ನು ಮನೆಯಲ್ಲೇ ಪವಿತ್ರಗೊಳಿಸುವುದು ಅವರಿಗೆ ಹಳೆಯ ಅಭ್ಯಾಸ. 2022ರ ತಪಸ್ಸುಕಾಲದಲ್ಲಿ, ನೋಟ್‌ಬುಕ್ಕು ತೆರೆಯುವ ಮೊದಲೇ, ಆಯಿ ಪ್ರಭುವಿನ ಬಳಿಗೆ ಹೋದರು.

ಹೊಗಳಿದರೆ ಸಾಕೇ?

ಅಂತ್ಯಕ್ರಿಯೆಯ ದಿನ ಎಲ್ಲರೂ ಆಯಿಯನ್ನು ತ್ಯಾಗಮಯಿ ಎಂದೆವು. ಆ ಮಾತು ಸುಳ್ಳಲ್ಲ. ಆದರೆ ಅದರ ಹಿಂದೆ ನಮ್ಮ ತಪ್ಪನ್ನೂ ಮುಚ್ಚಿಟ್ಟೆವೇನೋ ಎನಿಸುತ್ತದೆ. ಅವರು ಶಾಲೆಯ ಮೆಟ್ಟಿಲು ಹತ್ತದಿದ್ದದ್ದು ತ್ಯಾಗವಲ್ಲ, ಅವರಿಗೆ ಯಾರೂ ಆ ಅವಕಾಶ ಕೊಡಲಿಲ್ಲ. ಎಲ್ಲರ ಊಟವಾದ ಮೇಲೆ ಉಳಿದ ರೊಟ್ಟಿ ತಿಂದದ್ದನ್ನು ನಾವು ಕಂಡೂ ಕಾಣದಂತಿದ್ದೆವು. ಇಂದಿಗೂ ನಮ್ಮ ಜನಗಣತಿಯು ಮನೆಗೆಲಸ ಮಾತ್ರ ಮಾಡುವ ಹೆಂಗಸರನ್ನು ಕೆಲಸಗಾರರಲ್ಲದವರು ಎಂದೇ ಎಣಿಸುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಕೈಹಚ್ಚುವ ಗಂಡಸರು ಕೊಡುವುದು 97 ನಿಮಿಷ. ದಾಖಲೆ ಪುಸ್ತಕದ ಆ ಖಾಲಿ ಜಾಗ ನಮ್ಮ ಮನೆಗಳಲ್ಲಿ ಇನ್ನೂ ಹಾಗೆಯೇ ಇದೆ. ಆಯಿಯನ್ನು ಗೌರವಿಸುವುದೆಂದರೆ ಅವರ ಸೊಸೆಯ, ಮೊಮ್ಮಗಳ ಕೈಯ ಭಾರವನ್ನು ಹಂಚಿಕೊಳ್ಳುವುದು ಸಹ ಹೌದು.

ಬರೆದಿಡೋಣ

ಸಂತ ಪೌಲರು ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಆರಂಭದಲ್ಲೇ ಅವನ ಅಜ್ಜಿ ಲೋವಿಯನ್ನೂ ತಾಯಿ ಯೂನಿಕೆಯನ್ನೂ ಹೆಸರು ಹಿಡಿದು ನೆನೆಯುತ್ತಾರೆ. ತಿಮೊಥೇಯನ ವಿಶ್ವಾಸ ಮೊದಲು ನೆಲೆಸಿದ್ದು ಆ ಅಜ್ಜಿಯಲ್ಲಿ ಎನ್ನುತ್ತಾರೆ. ಪೌಲರು ಬರೆದಿಟ್ಟ ಕಾರಣ ಲೋವಿಯ ಹೆಸರು ಎರಡು ಸಾವಿರ ವರ್ಷ ಉಳಿಯಿತು.

ಪೋಪ್ ಫ್ರಾನ್ಸಿಸ್‌ರವರ ಅಜ್ಜಿ ರೋಸಾ 1929ರಲ್ಲಿ ಇಟಲಿಯಿಂದ ಅರ್ಜೆಂಟೀನಾಕ್ಕೆ ವಲಸೆ ಹೋದವರು. ಪ್ರಾರ್ಥಿಸಲು ಕಲಿಸಿದ್ದು ಅಜ್ಜಿಯೇ ಎಂದು ಪೋಪ್‌ರವರು ಮತ್ತೆ ಮತ್ತೆ ಹೇಳುತ್ತಿದ್ದರು. ದುಃಖದ ದಿನಗಳಲ್ಲಿ ಪರಮಪ್ರಸಾದದ ಪ್ರಭುವಿನ ಕಡೆಗೂ ಶಿಲುಬೆಯಡಿ ನಿಂತ ಮಾತೆಯ ಕಡೆಗೂ ನೋಡಿರೆಂದು ರೋಸಾ ಮೊಮ್ಮಕ್ಕಳಿಗೆ ಒಂದು ಪತ್ರ ಬರೆದಿಟ್ಟಿದ್ದರು. ಅದನ್ನು ಫ್ರಾನ್ಸಿಸ್‌ರವರು ತಮ್ಮ ಪ್ರಾರ್ಥನಾ ಪುಸ್ತಕದಲ್ಲಿ ಇಟ್ಟುಕೊಂಡಿದ್ದರು. ಅವರೇ 2021ರಲ್ಲಿ ಅಜ್ಜ ಅಜ್ಜಿಯರ ಮತ್ತು ಹಿರಿಯರ ವಿಶ್ವ ದಿನವನ್ನು ಜುಲೈ ತಿಂಗಳ ನಾಲ್ಕನೆಯ ಭಾನುವಾರಕ್ಕೆ ಗೊತ್ತುಪಡಿಸಿದರು. 2025ರ ಏಪ್ರಿಲ್ 21ರಂದು ಅವರೂ ಪ್ರಭುವಿನಲ್ಲಿ ನಿದ್ರಿಸಿದರು. ರೋಸಾ ಅವರಿಗೆ ಬರೆಯಲು ಬರುತ್ತಿತ್ತು, ಪತ್ರ ಉಳಿಯಿತು. ನಮ್ಮ ಆಯಿಗೆ ಬರುತ್ತಿರಲಿಲ್ಲ. ಅವರ ಪರವಾಗಿ ಬರೆಯಬೇಕಾದವರು ನಾವಾಗಿದ್ದೆವು.

ಆದ್ದರಿಂದ ಪ್ರಿಯರೇ, ನಿಮ್ಮ ಮನೆಯಲ್ಲಿ ಆಯಿ ಇನ್ನೂ ಇದ್ದರೆ ಈ ಭಾನುವಾರ ಪೂಜೆ ಮುಗಿದ ಮೇಲೆ ಒಂದು ಗಂಟೆ ಅವರ ಪಕ್ಕದಲ್ಲಿ ಕೂರಿರಿ. ನಿಮ್ಮ ಆಯಿಯ ಹೆಸರೇನು? ಮೊದಲ ಪ್ರಾರ್ಥನೆ ಕಲಿಸಿದ್ದು ಯಾರು? ಮದುವೆಯಾಗಿ ಬಂದ ದಿನ ಏನು ಹೊತ್ತು ತಂದಿರಿ? ಕ್ರಿಸ್ತ ಜಯಂತಿಗೆ ಏನು ಮಾಡುತ್ತಿದ್ದಿರಿ? ಯಾವ ಮಗುವನ್ನು ಮಣ್ಣಿಗಿಟ್ಟಿರಿ? ಹೀಗೆ ಕೇಳಿರಿ, ಅವರ ಮಾತಿನಲ್ಲೇ ಬರೆದುಕೊಳ್ಳಿರಿ. ಮೊಬೈಲಿನಲ್ಲಿ ಅವರ ದನಿ ಹಿಡಿದಿಡಿರಿ. ಹಳೆಯ ಫೋಟೋಗಳ ಹಿಂದೆ ಹೆಸರು ಬರೆಯಿರಿ, ಒಂದೊಂದು ಪ್ರತಿಯನ್ನು ಬೇರೆ ಮನೆಯಲ್ಲೂ ಇಡಿರಿ. ನೀರು ಯಾವ ಮನೆಗೆ ಯಾವಾಗ ನುಗ್ಗುತ್ತದೆಂದು ಯಾರು ಬಲ್ಲರು? ಆಯಿ ಈಗಾಗಲೇ ಹೋಗಿದ್ದರೆ ಅವರ ಮಕ್ಕಳು, ನೆರೆಯವರು ಇದ್ದಾರೆ, ಅವರನ್ನು ಕೇಳಿರಿ. ನಾನೂ ಈಗ ಹಾಗೆಯೇ ಕೇಳಿ ಬರೆಯುತ್ತಿದ್ದೇನೆ. ಆ ರಾತ್ರಿಯ ಕೂಸಿನ ಕಥೆ ನನಗೆ ಸಿಕ್ಕಿದ್ದು ಹೀಗೆ.

ಆಯಿಯ ಸಮಾಧಿಯ ಕಲ್ಲಿನ ಮೇಲೆ ಹೆಸರು, ದೀಕ್ಷಾಸ್ನಾನದ ದಿನ, ಮರಣದ ದಿನ ಬರೆಸಿದ್ದೇವೆ. ಕೆಳಗೆ ಇನ್ನೂ ಒಂದು ಸಾಲು ಹಾಕಿಸಿದೆವು: 'ನಮಗೆ ಪ್ರಾರ್ಥಿಸಲು ಕಲಿಸಿದವರು'. ದಾಖಲೆ ಪುಸ್ತಕದ ಖಾಲಿ ಜಾಗಕ್ಕೆ ನಾವು ತಡವಾಗಿ ಬರೆದ ಉತ್ತರ ಅದು.

ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಬಿನ್ನಹದ ಮೂಲಕ ನಮ್ಮ ಮನೆಗಳ ಎಲ್ಲ ಅಜ್ಜ ಅಜ್ಜಿಯರನ್ನು ಪ್ರಭು ಹರಸಲಿ. ನಮ್ಮನ್ನು ಅಗಲಿದ ಆಯಂದಿರಿಗೆ ನಿತ್ಯವಿಶ್ರಾಂತಿಯನ್ನು ದಯಪಾಲಿಸಲಿ. ಅವರು ಕೈಗಿತ್ತ ಜಪಮಾಲೆಯನ್ನು ಮುಂದಿನವರ ಕೈಗೆ ದಾಟಿಸುವ ಕೃಪೆಯನ್ನು ನಮಗೆ ನೀಡಲಿ. ಆಮೆನ್.